ಹವಳ ಹೊರಟ ಬಂದರು

ಇಟಲಿಯ ಪಿಸಾದಿಂದ ರೈಲು ಹತ್ತಿದರೆ ಇಪ್ಪತ್ತು ನಿಮಿಷದೊಳಗೆ ಲಿವೋರ್ನೊ. ಓರೆ ಗೋಪುರ ನೋಡಿದವರಲ್ಲಿ ಹೆಚ್ಚಿನವರು ಇತ್ತ ಸುಳಿಯದೆ ಹಾಗೇ ಫ್ಲಾರೆನ್ಸಿಗೆ ಮರಳುತ್ತಾರೆ. ಇಂಗ್ಲಿಷರ ಬಾಯಲ್ಲಿ ಈ ಊರು ಲೆಗ್‌ಹಾರ್ನ್ ಆಯಿತು. ನಮ್ಮ ಫಾರಂಗಳ ಬಿಳಿ ಕೋಳಿಗೆ ಆ ಹೆಸರು ಬಂದದ್ದು ಇಲ್ಲಿಂದಲೇ. ನಾನು ಬಂದದ್ದು ಹವಳದ ಜಾಡು ಹಿಡಿದು.

ಕುಮಟಾದ ನನ್ನ ಅಜ್ಜಿಯ ಕರಿಮಣಿ ಸರದಲ್ಲಿ ನಡುನಡುವೆ ಹವಳದ ಮಣಿಗಳಿದ್ದವು. ಕೊತ್ತಂಬರಿ ಕಾಳಿನಷ್ಟು ದಪ್ಪ, ಉಜ್ಜಿ ಉಜ್ಜಿ ಸವೆದ ಕೆಂಪು. ಮನೆಯಿಂದ ನಡೆದರೆ ಸಮುದ್ರ. "ಇದು ನಮ್ಮ ಸಮುದ್ರದ್ದಾ ಅಜ್ಜಿ?" ಎಂದು ಕೇಳಿದ್ದೆ. "ಅಲ್ಲ ಮಗಾ, ಎಲ್ಲಿಯದೋ ದೂರದ್ದು" ಅಂದಿದ್ದಳು. ಆ ದೂರ ಎಷ್ಟು ಎಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಬಂದರಿನ ಎದುರು ಮೊದಲು ಕಣ್ಣಿಗೆ ಬೀಳುವುದು ಅಮೃತಶಿಲೆಯ ಒಂದನೇ ಫರ್ಡಿನಾಂಡೊ ದೆ ಮೆಡಿಚಿ. ಟಸ್ಕನಿಯ ಈ ದೊರೆ 1591 ಮತ್ತು 1593ರಲ್ಲಿ ಹೊರಡಿಸಿದ ಶಾಸನಗಳಿಗೆ 'ಲಿವೋರ್ನಿನಾ' ಎಂದು ಹೆಸರು. ಸ್ಪೇನಿನವರು, ಪೋರ್ಚುಗೀಸರು, ಗ್ರೀಕರು, ಯೆಹೂದಿಗಳು, ತುರ್ಕರು, ಅರ್ಮೇನಿಯನ್ನರು, ಪರ್ಷಿಯನ್ನರು, ಯಾವ ದೇಶದ ವ್ಯಾಪಾರಿಯೇ ಆಗಲಿ, ಬಂದು ನೆಲೆಸಿ ಎಂಬ ಕರೆ ಅದು. ಸ್ಪೇನ್ 1492ರಲ್ಲಿ ಯೆಹೂದಿಗಳನ್ನು ಹೊರಗಟ್ಟಿತ್ತು. ಐದು ವರ್ಷದ ನಂತರ ಪೋರ್ಚುಗಲ್ ಅವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿಸಿತ್ತು. ಹೊರಗೆ ಒಂದು ಹೆಸರು, ಮನೆಯೊಳಗೆ ಒಂದು ಪ್ರಾರ್ಥನೆ ಎಂದು ತಲೆಮಾರುಗಟ್ಟಲೆ ಬದುಕಿದವರಿಗೆ ಇಲ್ಲಿ ಹಿಂದಿನದನ್ನು ಕೆದಕುವುದಿಲ್ಲ ಎಂಬ ಮಾತು ಸಿಕ್ಕಿತು. ವೆನಿಸ್ 1516ರಲ್ಲಿ, ಫ್ಲಾರೆನ್ಸ್ 1571ರಲ್ಲಿ ಯೆಹೂದಿಗಳನ್ನು ಘೆಟ್ಟೋ ಎಂಬ ಪ್ರತ್ಯೇಕ ಕೇರಿಯೊಳಗೆ ಕೂಡಿಹಾಕಿದ್ದವು. ಲಿವೋರ್ನೊದಲ್ಲಿ ಘೆಟ್ಟೋ ಕಟ್ಟಲೇ ಇಲ್ಲ. ಯೆಹೂದಿ ಎಂದು ತೋರಿಸುವ ಗುರುತಿನ ಪಟ್ಟಿ ತೊಡಬೇಕಿರಲಿಲ್ಲ, ಸ್ವಂತ ಮನೆ ಕೊಳ್ಳಬಹುದಿತ್ತು, ತಮ್ಮವರ ನಡುವಿನ ವ್ಯಾಜ್ಯವನ್ನು 'ಮಸ್ಸಾರಿ' ಎಂಬ ಸಮುದಾಯದ ಹಿರಿಯರೇ ತೀರ್ಮಾನಿಸುತ್ತಿದ್ದರು.

ಫರ್ಡಿನಾಂಡೊನ ಕಾಲಬುಡದಲ್ಲಿ ಮಾತ್ರ ಕಂಚಿನ ನಾಲ್ವರು ಗುಲಾಮರಿದ್ದಾರೆ. ಪಿಯೆತ್ರೊ ತಾಕ್ಕಾ ಎರಕ ಹೊಯ್ದ ಮೂರ್ತಿಗಳು. ಕೈ ಹಿಂದಕ್ಕೆ ಸರಪಳಿ, ಬೆನ್ನು ಬಾಗಿದೆ. ಒಬ್ಬನ ಮುಖದ ನೋವನ್ನು ನೋಡಿದ ಮೇಲೆ ಕಾಲು ಮುಂದಕ್ಕೆ ಬರಲಿಲ್ಲ. ಒಬ್ಬರಿಗೆ ಬಾಗಿಲು ತೆರೆದ ಊರೇ ಇನ್ನೊಬ್ಬರನ್ನು ಹಡಗಿನ ಹುಟ್ಟಿಗೆ ಕಟ್ಟಿಹಾಕಿತ್ತು. ದೊರೆಗೆ ಬೇಕಿದ್ದದ್ದು ವ್ಯಾಪಾರ. ಆದರೂ ಆ ಲೆಕ್ಕಾಚಾರದಿಂದಲೇ ಸಾವಿರಾರು ಜನ ನಿಜ ಹೆಸರಿನಲ್ಲಿ ಬದುಕಿದರು ಎಂಬುದನ್ನು ನಾನು ಸಣ್ಣದೆಂದು ಭಾವಿಸಲಾರೆ.

ಮೆಡಿಟರೇನಿಯನ್ನಿನ ಕೆಂಪು ಹವಳ ಸಾರ್ಡಿನಿಯಾ, ಕಾರ್ಸಿಕಾ, ಟ್ಯುನೀಸಿಯಾದ ಕರಾವಳಿಯಿಂದ ಲಿವೋರ್ನೊಗೆ ಬಂದು ಇಲ್ಲಿ ಮಣಿಯಾಗುತ್ತಿತ್ತು. 18ನೇ ಶತಮಾನದ ಮೊದಲ ಅರ್ಧದಲ್ಲಿ ಎರ್ಗಾಸ್ ಮತ್ತು ಸಿಲ್ವೆರಾ ಎಂಬ ಎರಡು ಯೆಹೂದಿ ಮನೆತನಗಳ ಕೂಡು ಅಂಗಡಿ ಈ ಮಣಿಗಳನ್ನು ಲಿಸ್ಬನ್ನಿಗೆ, ಅಲ್ಲಿಂದ ಪೋರ್ಚುಗೀಸ್ ಹಡಗಿನಲ್ಲಿ ಗೋವಾಕ್ಕೆ ಕಳಿಸುತ್ತಿತ್ತು. ಗೋವಾದಲ್ಲಿ ಸರಕು ಬಿಡಿಸಿಕೊಳ್ಳುತ್ತಿದ್ದವರು ಕಾಮತ ಮನೆತನದ ಸಾರಸ್ವತ ವ್ಯಾಪಾರಿಗಳು. ಹವಳಕ್ಕೆ ಬದಲಾಗಿ ಹೋಗುತ್ತಿದ್ದದ್ದು ವಜ್ರ. ಎರಡೂ ಕಡೆಯವರು ಪೋರ್ಚುಗೀಸಿನಲ್ಲಿ ಬರೆಯುತ್ತಿದ್ದರು. ಧರ್ಮ ಬೇರೆ, ನ್ಯಾಯಾಲಯ ಬೇರೆ, ಮೋಸವಾದರೆ ಕೇಳುವವರಿಲ್ಲ. ಮಾನ್ಸೂನ್ ಗಾಳಿಗೆ ಕಾದು ಹಡಗು ಹೋಗಿ ಬರುವಷ್ಟರಲ್ಲಿ ವರ್ಷ ಕಳೆದು ಇನ್ನೊಂದು ಹಿಡಿಯುತ್ತಿತ್ತು. ಪತ್ರದಲ್ಲಿ ಕೊಟ್ಟ ಮಾತನ್ನು ನಂಬಿಯೇ ವ್ಯವಹಾರ ನಡೆಯಬೇಕಿತ್ತು. ಆ ಅಂಗಡಿಯ 13,000ಕ್ಕೂ ಹೆಚ್ಚು ಪತ್ರಗಳ ಪ್ರತಿಗಳು ಫ್ಲಾರೆನ್ಸಿನ ಪತ್ರಾಗಾರದಲ್ಲಿ ಇಂದಿಗೂ ಉಳಿದಿವೆ. ಗೋವಾದಿಂದ ಕುಮಟಾ ಏನು ಮಹಾ ದೂರ!

ಭಾನುವಾರ ಬೆಳಿಗ್ಗೆ, ಮೊದಲೇ ಗೊತ್ತುಮಾಡಿಕೊಂಡಿದ್ದ ಹೊತ್ತಿಗೆ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಬಾಗಿಲಿಗೆ ಹೋದೆ. ಅದಿರುವ ಚೌಕಕ್ಕೆ ಇದೇ ಊರಲ್ಲಿ ಹುಟ್ಟಿದ ರಬ್ಬಿ (ಯೆಹೂದಿ ಧರ್ಮಗುರು), ತತ್ತ್ವಜ್ಞ ಎಲಿಯಾ ಬೆನಮೊಝೆಘ್ ಹೆಸರಿಟ್ಟಿದ್ದಾರೆ. ಯುರೋಪಿನ ಅತಿ ಸುಂದರ ಸಿನಗಾಗ್‌ಗಳಲ್ಲಿ ಒಂದೆನಿಸಿದ್ದ ಹಳೆಯದು ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿತು. 1962ರಲ್ಲಿ ತೆರೆದ ಈಗಿನದು ಆಂಜೆಲೊ ದಿ ಕಾಸ್ತ್ರೊ ವಿನ್ಯಾಸ ಮಾಡಿದ್ದು. ಹೊರಗೆ ಕಾಂಕ್ರೀಟಿನ ಪಕ್ಕೆಲುಬುಗಳು ನೆಲಕ್ಕೆ ಊರಿ ನಿಂತಿವೆ, ಮರುಭೂಮಿಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಡೇರೆಯಂತೆ. ಒಳಗೆ ಕರೆದೊಯ್ದ ವಯಸ್ಸಾದ ಮಹಿಳೆ ದನಿ ತಗ್ಗಿಸಿ ಹೇಳಿದರು: ಒಂದು ಕಾಲಕ್ಕೆ ಊರಿನ ಹತ್ತು ಜನರಲ್ಲಿ ಒಬ್ಬರು ನಾವು, ಈಗ ಕೆಲವು ನೂರು. ಇಟಲಿ ಒಂದಾದ ಮೇಲೆ 1868ರಲ್ಲಿ ಸುಂಕವಿಲ್ಲದ ಬಂದರೆಂಬ ಸ್ಥಾನ ಹೋಯಿತು, ವ್ಯಾಪಾರ ಚದುರಿತು. 1938ರ ಜನಾಂಗೀಯ ಕಾಯ್ದೆಗಳು ಯೆಹೂದಿ ಮಕ್ಕಳನ್ನು ಶಾಲೆಯಿಂದ ಹೊರಹಾಕಿದವು. 1943ರಿಂದ ಬಂಧನ ಶುರುವಾಯಿತು. ಹೊರಗೆ ಬಂದು ನಡೆಯುವಾಗ ಒಂದು ಮನೆಯ ಮುಂದೆ, ಕಾಲಡಿಯ ಕಲ್ಲಿನ ನಡುವೆ, ಅಂಗೈಯಗಲದ ಹಿತ್ತಾಳೆಯ ಫಲಕ: ಹೆಸರು, ಹುಟ್ಟಿದ ವರ್ಷ, ಹಿಡಿದ ದಿನ, ಕೊನೆಗೆ ನಾಜಿಗಳ ಸಾವಿನ ಶಿಬಿರದ ಹೆಸರು, ಆಶ್ವಿಟ್ಸ್. ಬಗ್ಗಿ ಓದಿದೆ. ಬಳಿಕ ಉಳಿದ ದಾರಿಯಲ್ಲೆಲ್ಲ ನೆಲ ನೋಡಿಯೇ ಕಾಲಿಟ್ಟೆ.

ಚಿತ್ರಕಾರ ಮೊದಿಲ್ಯಾನಿ 1884ರಲ್ಲಿ ಹುಟ್ಟಿದ ವಿಯಾ ರೋಮಾದ ಮನೆಯನ್ನು ಹೊರಗಿನಿಂದಲೇ ನೋಡಿದೆ. ಒಂದು ಬೇಕರಿಯಲ್ಲಿ 'ರೊಸ್ಕೆತ್ತೆ' ಸಿಕ್ಕಿತು. ಇಲ್ಲಿನ ಯೆಹೂದಿಗಳ ತಿನಿಸು. ಹಿಟ್ಟು, ಎಣ್ಣೆ, ಉಪ್ಪು ಕಲಸಿ ಬಳೆಯ ಆಕಾರಕ್ಕೆ ತಿರುವಿ ಬೇಯಿಸಿದ್ದು. ಖಾರವಿಲ್ಲದ ಕೋಡುಬಳೆ ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. ಪೊಟ್ಟಣ ಹಿಡಿದು ಸಮುದ್ರದ ಕಟ್ಟೆಯ ಮೇಲೆ ಕೂತು ಊರಿಗೆ ಫೋನ್ ಮಾಡಿದೆ.

"ಅಮ್ಮಾ, ಅಜ್ಜಿಯ ಸರ ತೆಗೆದು ನೋಡು. ಹವಳ ಎಷ್ಟಿವೆ?"

ಕಪಾಟು ತೆರೆದ ಸದ್ದು, ಬಟ್ಟೆ ಬಿಚ್ಚಿದ ಸದ್ದು. ಆಮೇಲೆ ಅಮ್ಮ ಒಂದೊಂದೇ ಎಣಿಸತೊಡಗಿದಳು. ಒಂಬತ್ತು ಇದ್ದವು. ಹತ್ತನೆಯದು ಅರ್ಧ ಒಡೆದಿತ್ತಂತೆ, ಆದರೆ ದಾರದಲ್ಲೇ ಇತ್ತು.