ಚಾರ್ಲ್ಸ್‌ಟನ್ನಿನಲ್ಲಿ ನ್ಯಾಯಾಧೀಶ ವೇರಿಂಗರ ಜಾಡು ಹಿಡಿದು

ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ನಗರದಲ್ಲಿ ಮೀಟಿಂಗ್ ಮತ್ತು ಬ್ರಾಡ್ ಬೀದಿಗಳು ಕೂಡುವ ಚೌಕದ ಒಂದು ಮೂಲೆಯಲ್ಲಿ ಸೇಂಟ್ ಮೈಕಲ್ ಚರ್ಚ್, ಉಳಿದ ಮೂರರಲ್ಲಿ ನಗರಸಭೆ, ಕೌಂಟಿ ನ್ಯಾಯಾಲಯ ಮತ್ತು ಫೆಡರಲ್ (ಕೇಂದ್ರ ಸರ್ಕಾರದ) ನ್ಯಾಯಾಲಯ ಇವೆ. ಪ್ರವಾಸಿಗರು ಸಾಮಾನ್ಯವಾಗಿ ಕುದುರೆಗಾಡಿ ಹತ್ತಿ ಹಳೆಯ ಬಂಗಲೆಗಳನ್ನು ನೋಡಲು ಹೊರಡುವ ಈ ಊರಿಗೆ ನಾನು ಬಂದದ್ದು ವರ್ಣಭೇದದ ವಿರುದ್ಧ ತೀರ್ಪು ಬರೆದ ಜೆ. ವೇಟೀಸ್ ವೇರಿಂಗ್ ಎಂಬ ನ್ಯಾಯಾಧೀಶರ ಸಲುವಾಗಿ. ಫೆಡರಲ್ ನ್ಯಾಯಾಲಯದ ಪಕ್ಕದ ತೋಟದಲ್ಲಿ 2014ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆಯಿದೆ. ಅಲ್ಲಿನ ನ್ಯಾಯಾಂಗ ಕೇಂದ್ರಕ್ಕೆ ಮಾಜಿ ಸೆನೆಟರ್ ಹೋಲಿಂಗ್ಸ್ ಅವರ ಹೆಸರಿತ್ತು. ಅದನ್ನು ತೆಗೆದು ವೇರಿಂಗರ ಹೆಸರಿಡಬೇಕೆಂದು ಸ್ವತಃ ಹೋಲಿಂಗ್ಸ್ ಅವರೇ ಕೇಳಿಕೊಂಡದ್ದರಿಂದ 2015ರಲ್ಲಿ ಅದು ಬದಲಾಯಿತು. ರಾಜಕಾರಣಿಗಳಲ್ಲಿ ಇಂಥದ್ದು ಅಪರೂಪವೇ ಸರಿ.

ವೇರಿಂಗರು 1880ರಲ್ಲಿ ಇದೇ ಊರಿನ ಹಳೆಯ ಮನೆತನದಲ್ಲಿ ಹುಟ್ಟಿದರು; ಅವರ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಪರವಾಗಿ ಹೋರಾಡಿದವರು. ಮಗನೂ ನಗರಸಭೆಯ ವಕೀಲರಾಗಿ, ಬಿಳಿಯರ ಮೇಲ್ಮೆಯನ್ನೇ ಸಾರುತ್ತಿದ್ದ ಸೆನೆಟರ್ ಸ್ಮಿತ್ ಅವರ ಚುನಾವಣೆಗೆ ದುಡಿದು, 1942ರಲ್ಲಿ ನ್ಯಾಯಪೀಠವೇರಿದಾಗ ಅವರಿಂದ ಯಾರೂ ಬಂಡಾಯ ನಿರೀಕ್ಷಿಸಿರಲಿಲ್ಲ.

ಅವರನ್ನು ಅಲುಗಾಡಿಸಿದ್ದು ಐಸಾಕ್ ವುಡರ್ಡ್ ಪ್ರಕರಣ. ಸೇನೆಯಿಂದ ಬಿಡುಗಡೆಯಾಗಿ ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದ ಈ ಕಪ್ಪು ಸೈನಿಕನನ್ನು 1946ರ ಫೆಬ್ರವರಿಯಲ್ಲಿ ಬೇಟ್ಸ್‌ಬರ್ಗಿನ ಪೊಲೀಸ್ ಮುಖ್ಯಸ್ಥನು ಲಾಠಿಯಿಂದ ಹೊಡೆದು ಎರಡೂ ಕಣ್ಣು ಕಳೆದಿದ್ದನು. ವೇರಿಂಗರ ಮುಂದೆ ನಡೆದ ವಿಚಾರಣೆಯಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಅರ್ಧ ಗಂಟೆಯಲ್ಲಿ ಆ ಪೊಲೀಸ್ ಮುಖ್ಯಸ್ಥನನ್ನು ನಿರ್ದೋಷಿ ಎಂದಿತು. ಮರುವರ್ಷವೇ ವೇರಿಂಗರು, ಡೆಮಾಕ್ರಟಿಕ್ ಪಕ್ಷವು ತನ್ನ ಅಭ್ಯರ್ಥಿಗಳನ್ನು ಆರಿಸಲು ನಡೆಸುವ ಪ್ರಾಥಮಿಕ ಚುನಾವಣೆಯಿಂದ ಕಪ್ಪು ಮತದಾರರನ್ನು ಹೊರಗಿಡುವಂತಿಲ್ಲವೆಂದು ತೀರ್ಪಿತ್ತರು.

ಚೌಕದಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಸಿಗುವ ಮೀಟಿಂಗ್ ಬೀದಿಯ 61ನೆಯ ಸಂಖ್ಯೆಯ ಮನೆಯಲ್ಲಿ ವೇರಿಂಗರು ವಾಸವಾಗಿದ್ದರು. ಬೀದಿಗೇ ಅಂಟಿಕೊಂಡ ಆ ಮನೆಯ ಎದುರು ನಿಂತಾಗ, 1950ರಲ್ಲಿ ಇಲ್ಲಿಗೆ ಕಲ್ಲು ತೂರುವವರಿಗೆ ಎಷ್ಟು ಸಲೀಸಾಗಿತ್ತೆಂಬುದು ಅರಿವಾಗುತ್ತದೆ. ಅದೇ ವರ್ಷ ಮನೆಯ ಬಳಿ, ವರ್ಣದ್ವೇಷಿ ಬಿಳಿಯರು ಬೆದರಿಸಲು ಮಾಡುವಂತೆ, ಶಿಲುಬೆಯನ್ನೂ ಸುಟ್ಟಿದ್ದರು. ಮೊದಲ ಪತ್ನಿಗೆ ವಿಚ್ಛೇದನ ಕೊಟ್ಟು ಉತ್ತರದ ಎಲಿಜಬೆತ್ತರನ್ನು ಮದುವೆಯಾಗಿದ್ದುದೂ ಊರಿನವರ ಮುನಿಸಿಗೆ ಒಂದು ಕಾರಣವಾಗಿತ್ತು. ಆದರೆ ತೀರ್ಪುಗಳಿಲ್ಲದಿದ್ದರೆ ಅದನ್ನು ಊರು ಕಾಲಕ್ರಮೇಣ ನುಂಗಿಕೊಳ್ಳುತ್ತಿತ್ತೆಂದೇ ನನ್ನ ಅನಿಸಿಕೆ.

ಮತ್ತೆ ನ್ಯಾಯಾಲಯಕ್ಕೆ ಬಂದೆ. ಈಗಲೂ ಅದರ ಕೆಳಗಿನ ಅಂತಸ್ತಿನಲ್ಲಿ ಅಂಚೆ ಕಚೇರಿ ನಡೆಯುತ್ತಿದೆ. ಕ್ಲಾರೆಂಡನ್ ಕೌಂಟಿಯಲ್ಲಿ ಕಪ್ಪು ಮಕ್ಕಳ ಪ್ರತ್ಯೇಕ ಶಾಲೆಗಳ ಬಗ್ಗೆ ಅವರ ಪೋಷಕರು ಹೂಡಿದ್ದ ಬ್ರಿಗ್ಸ್ ಮೊಕದ್ದಮೆ 1951ರಲ್ಲಿ ಇಲ್ಲಿಯೇ ವಿಚಾರಣೆಗೆ ಬಂದಿತು. ಸೌಕರ್ಯಗಳ ಸಮಾನತೆಯನ್ನಷ್ಟೇ ಕೇಳದೆ ವರ್ಣಭೇದದ ಪದ್ಧತಿಯನ್ನೇ ಪ್ರಶ್ನಿಸುವಂತೆ ಆ ಪೋಷಕರ ವಕೀಲ ಥರ್ಗುಡ್ ಮಾರ್ಷಲ್ ಅವರನ್ನು ಹುರಿದುಂಬಿಸಿದವರು ವೇರಿಂಗರೇ. ಮೂವರ ಪೀಠದಲ್ಲಿ ಇಬ್ಬರು ಪ್ರತ್ಯೇಕ ಶಾಲೆಗಳನ್ನು ಎತ್ತಿಹಿಡಿದರು. ಪ್ರತ್ಯೇಕಿಸುವುದೇ ಅಸಮಾನತೆಯೆಂದು ವೇರಿಂಗರೊಬ್ಬರೇ ಭಿನ್ನ ತೀರ್ಪು ಬರೆದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬ್ರಿಗ್ಸ್ ಸೇರಿದಂತೆ ಶಾಲೆಗಳ ಹಲವು ಮೊಕದ್ದಮೆಗಳನ್ನು ಒಟ್ಟುಗೂಡಿಸಿದ ಬ್ರೌನ್ ಪ್ರಕರಣದಲ್ಲಿ ಒಮ್ಮತದಿಂದ ಅದೇ ನಿಲುವಿಗೆ ಬಂದಿತು.

ಅಷ್ಟರಲ್ಲಿ ವೇರಿಂಗ್ ದಂಪತಿ ಊರು ಬಿಟ್ಟು ನ್ಯೂಯಾರ್ಕ್ ಸೇರಿಯಾಗಿತ್ತು. 1968ರ ಜನವರಿಯಲ್ಲಿ ತೀರಿಕೊಂಡ ನ್ಯಾಯಾಧೀಶರನ್ನು ನಗರದ ಉತ್ತರಕ್ಕಿರುವ ಮ್ಯಾಗ್ನೋಲಿಯಾ ಸ್ಮಶಾನದಲ್ಲಿ ಮಣ್ಣು ಮಾಡಿದಾಗ, ಅವರು ಹುಟ್ಟಿ ಬೆಳೆದ ಸಮಾಜದಿಂದ ಬಂದವರು ಬೆರಳೆಣಿಕೆಯಷ್ಟು. ನೆರೆದವರಲ್ಲಿ ಬಹುಪಾಲು ಕಪ್ಪು ಜನರೇ ಇದ್ದರು.