ಕಲ್ಲಿದ್ದಲಿನ ನೆಲದ ಮೇಲೊಂದು ಕಬ್ಬಿಣದ ಸೇತುವೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಡರ್ಬಿಶೈರ್‌ಗಳ ಗಡಿಯಲ್ಲಿ ಹರಿಯುವ ಎರೆವಾಶ್ ನದಿಯ ಕಣಿವೆಗೆ ಅಡ್ಡಲಾಗಿ, ಆವ್ಸ್‌ವರ್ತ್ ಮತ್ತು ಇಲ್ಕೆಸ್ಟನ್ ಊರುಗಳ ನಡುವೆ, ಬೆನ್ನರ್ಲಿ ಎಂಬ ಹಳೆಯ ರೈಲು ಸೇತುವೆಯಿದೆ. ಆ ಕಾಲದ ಇಂಗ್ಲಿಷ್ ರೈಲು ಸೇತುವೆಗಳೆಂದರೆ ಬಹುಪಾಲು ಇಟ್ಟಿಗೆ ಅಥವಾ ಕಲ್ಲಿನ ಕಮಾನುಗಳ ಸಾಲು. ಇದಾದರೋ ಇಟ್ಟಿಗೆಯ ಪೀಠಗಳಿಂದ ಮೇಲಕ್ಕೆ ಪೂರ್ತಿ ಮೆದು ಕಬ್ಬಿಣದ, ಅಂದರೆ ಬಡಿದು ಹದಗೊಳಿಸಿದ ಕಬ್ಬಿಣದ, ಜಾಲರಿ. ಇದಕ್ಕೆ ಕಾರಣ ನೆಲದಡಿಯಲ್ಲಿದೆ.

ಈ ಕಣಿವೆಯ ಕಲ್ಲಿದ್ದಲಿನ ಸಾಗಣೆ ಬಹುಮಟ್ಟಿಗೆ ಮಿಡ್‌ಲ್ಯಾಂಡ್ ರೈಲ್ವೆಯ ಹಿಡಿತದಲ್ಲಿತ್ತು. ಅದರಲ್ಲಿ ತನಗೂ ಪಾಲು ಬೇಕೆಂದೇ ಗ್ರೇಟ್ ನಾರ್ದರ್ನ್ ರೈಲ್ವೆ 1870ರ ದಶಕದಲ್ಲಿ ಡರ್ಬಿಶೈರ್‌ನತ್ತ ಹೊಸ ಮಾರ್ಗ ಹಾಕಿತು. ಆದರೆ ಯಾವ ಕಲ್ಲಿದ್ದಲಿನ ಆಸೆಗೆ ಕಂಪನಿ ಬಂದಿತ್ತೋ, ಅದನ್ನು ತೋಡಿ ತೆಗೆದ ಗಣಿಗಳಿಂದಾಗಿ ನೆಲ ಕುಸಿಯುವ ಭಯವಿತ್ತು. ಭಾರವಾದ ಇಟ್ಟಿಗೆಯ ಕಮಾನಿಗೆ ಅಂಥ ನೆಲ ಒಗ್ಗದು. ಒಂದು ಕಾಲು ಸ್ವಲ್ಪ ಇಳಿದರೂ ಅದು ಬಿರುಕು ಬಿಡುತ್ತದೆ. ಆದ್ದರಿಂದ ಕಂಪನಿಯ ಎಂಜಿನಿಯರ್ ರಿಚರ್ಡ್ ಜಾನ್ಸನ್ ಹಗುರವಾದ ಕಬ್ಬಿಣವನ್ನು ಆರಿಸಿಕೊಂಡರು.

1878ರ ಆರಂಭದಲ್ಲಿ ಸಂಚಾರಕ್ಕೆ ತೆರೆದ ಸೇತುವೆಯ ಉದ್ದ 1,452 ಅಡಿ, ಎತ್ತರ ಸುಮಾರು 60 ಅಡಿ. ಜಾಲರಿ ತೊಲೆಗಳ 16 ಮುಖ್ಯ ಅಂಕಣಗಳು (ಎರಡು ಕಾಲುಗಳ ನಡುವಿನ ಭಾಗಗಳು), ಒಂದೊಂದೂ ಸುಮಾರು 76 ಅಡಿ. ಅವನ್ನು ಹೊತ್ತ ಕಾಲುಗಳೂ ಗಟ್ಟಿ ಗೋಡೆಗಳಲ್ಲ; ಟೊಳ್ಳು ಕಂಬಗಳನ್ನು ಗುಂಪಾಗಿ ನಿಲ್ಲಿಸಿ, ಅಡ್ಡಪಟ್ಟಿಗಳಿಂದ ಬಿಗಿದು, ಎರಡು ಪಕ್ಕಗಳಲ್ಲಿ ಓರೆಗಂಬದ ಆಸರೆ ಕೊಟ್ಟಿದ್ದಾರೆ. ಸೇತುವೆಯ ಮೇಲೆ ಜೋಡಿ ಹಳಿ ಹಾಕುವಷ್ಟು ಅಗಲವಿದ್ದರೂ ದೂರದಿಂದ ಇದು ಸಾರುವೆ ಕಟ್ಟಿದ ಹಾಗೆ ತೆಳ್ಳಗೆ ಕಾಣುತ್ತದೆ. 1916ರ ಜನವರಿ 31ರ ರಾತ್ರಿ ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಯೊಂದು ಇದರ ಸಮೀಪ ಬಾಂಬು ಹಾಕಿತ್ತು, ಸೇತುವೆ ಉಳಿಯಿತು.

1968ರಲ್ಲಿ ಮಾರ್ಗ ಮುಚ್ಚಿದ ಮೇಲೂ ಇದು ಉಳಿದದ್ದು ಯಾರದೋ ಪ್ರೀತಿಯಿಂದಲ್ಲ ಎಂಬುದು ನನ್ನ ಎಣಿಕೆ. ಪ್ರೀತಿ ತಡವಾಗಿ ಬಂತು. ಮೆದು ಕಬ್ಬಿಣದೊಳಗೆ ಕಿಟ್ಟದ (ಅದಿರು ಕರಗಿಸುವಾಗ ಉಳಿಯುವ ಕಲ್ಮಷದ) ಎಳೆಗಳಿರುವುದರಿಂದ ಅದನ್ನು ಉಕ್ಕಿನಂತೆ ಗ್ಯಾಸ್ ಜ್ವಾಲೆಯಿಂದ ಸಲೀಸಾಗಿ ಕತ್ತರಿಸಲಾಗದು. ಬಿಡಿಬಿಡಿಯಾಗಿ ಕಳಚುವ ಖರ್ಚು ದುಬಾರಿಯಾಗಿ, ಕೆಡವುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಇದು ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಸೇತುವೆಯ ಗೆಳೆಯರೆಂಬ ಸ್ಥಳೀಯರ ಬಳಗ ವರ್ಷಗಟ್ಟಲೆ ದುಡಿದ ಫಲವಾಗಿ 2022ರ ಜನವರಿಯಲ್ಲಿ ನಡಿಗೆಯವರಿಗೂ ಸೈಕಲ್ ಸವಾರರಿಗೂ ದಾರಿ ತೆರೆಯಿತು. ಹೋಗುವವರು ಮೇಲೆ ನಡೆದಷ್ಟಕ್ಕೇ ಹಿಂದಿರುಗಬಾರದು. ಜಾನ್ಸನ್ನರ ಲೆಕ್ಕಾಚಾರವೆಲ್ಲ ಕಾಣುವುದು ಕೆಳಗಿನ ಹುಲ್ಲುಗಾವಲಿನಿಂದ.