"ನಾಳೆ ಹೋಗೋ ಮಗುಗೆ ಯಾಕಿಷ್ಟು ಓದಿಸ್ತೀರಿ?"

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಒಬ್ಬ ಹುಡುಗಿ ಇದ್ದಾಳೆ. ಈಗ ಏಳನೇ ಕ್ಲಾಸು. ದತ್ತು ಅಲ್ಲ. ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಯವರು ಸಾಕಲು ನಮ್ಮ ಹತ್ತಿರ ಬಿಟ್ಟಿರುವ ಮಗು. ತಾಯಿ ಇದ್ದಾರೆ, ಹುಷಾರಾದರೆ ಕರೆದುಕೊಂಡು ಹೋಗಬಹುದು. ಎಷ್ಟು ದಿನ ಅಂತ ತೀರ್ಮಾನ ಮಾಡುವುದು ಸಮಿತಿ, ನಾನಲ್ಲ. ಅವಳ ಹೆಸರು ಬರೆಯುವಂತಿಲ್ಲ, ಅದೂ ಕಾನೂನೇ.

ಹೋದ ವರ್ಷ ಅರಸೀಕೆರೆಯಲ್ಲಿ ಒಂದು ಮದುವೆ. ನನ್ನ ಎಲೆಗೆ ಇನ್ನೂ ತುಪ್ಪ ಬೀಳುತ್ತಿತ್ತು. ಪಕ್ಕದ ಎಲೆಯ ದೂರದ ನೆಂಟರು ಶುರು ಮಾಡಿದರು. "ಯಾರ್ದೋ ಮಗುಗೆ ಟ್ಯೂಷನ್ ಬೇರೆ ಹಾಕಿದೀರಂತೆ? ನಾಳೆ ಹೋಗೋದಲ್ವಾ ಅದು?"

ಅದು! ಹುಡುಗಿ ನನ್ನ ಎಡಗಡೆಯೇ ಕೂತಿದ್ದಳು. ಹಪ್ಪಳ ಮುರಿಯುವ ಸದ್ದು ನಿಂತಿತು. ನಾನು "ಪಾಯಸ ಬಂತು ನೋಡಿ" ಅಂದೆ. ಅಷ್ಟೇ ಹೊಳೆದಿದ್ದು. ಒಳ್ಳೆ ಉತ್ತರಗಳೆಲ್ಲ ರಾತ್ರಿ ಪಾತ್ರೆ ತೊಳೆಯುವಾಗ ಬಂದವು.

ನಿಮ್ಮ ಮಗನೂ ಇಂಜಿನಿಯರಿಂಗ್ ಓದಿ ಟೆಕ್ಸಾಸ್‌ಗೆ ಹೋದನಲ್ಲ ಸ್ವಾಮಿ? ಅವನ ಫೀಸು ಕಟ್ಟುವಾಗ "ನಾಳೆ ಹೋಗೋದು" ಅಂತ ನಾವ್ಯಾರಾದರೂ ಅಂದೆವಾ?

ಇನ್ನು ಕೆಲವರು ಕೈ ಮುಗಿದು "ನೀವು ಯಶೋದೆ" ಅನ್ನುತ್ತಾರೆ. ಇದು ಇನ್ನೂ ಕಷ್ಟ. ಯಶೋದೆ ಬೆಣ್ಣೆ ಕೊಟ್ಟಳು, ಸರಿ. ಸ್ಕೂಲಿಗೆ ಸೇರಿಸುವ ಗೋಳು ಅವಳಿಗಿರಲಿಲ್ಲ. ಕೃಷ್ಣ ಓದಲು ಗುರು ಸಾಂದೀಪನಿಯ ಹತ್ತಿರ ಹೋಗಿದ್ದು ಗೋಕುಲ ಬಿಟ್ಟ ಮೇಲೆ. ನಾನು ಓದಿಸುವುದು ದೊಡ್ಡತನವಲ್ಲ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಓದಿ. ಮಗುವಿನ ಓದು, ಆರೋಗ್ಯ, ಊಟ ಸಾಕುವ ಮನೆಯ ಜವಾಬ್ದಾರಿ. "ಸರ್ಕಾರ ದುಡ್ಡು ಕೊಡುತ್ತಂತಲ್ಲ" ಅನ್ನುವವರಿಗೆ: ಹೌದು, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ. ಅದರಲ್ಲಿ ನಾನು ಸೈಟು ತಗೊಂಡಿಲ್ಲ.

ಆ ಮದುವೆಯಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗಿ ಒಂದೇ ಮಾತು ಕೇಳಿದಳು. "ನಾನು ಟ್ಯೂಷನ್ ಬಿಡ್ಲಾ?"

ಆ ಟ್ಯೂಷನ್ ಯಾಕೆ ಅಂತ ಒಬ್ಬರಾದರೂ ಕೇಳಬಾರದಾ? "ಯಾವ ಲೆಕ್ಕ ಬರಲ್ಲ ಅವಳಿಗೆ?" ಅಂತ?

ಭಿನ್ನರಾಶಿ. ನಮ್ಮಲ್ಲಿಗೆ ಬರುವಾಗ ಅವಳು ಎರಡು ಸ್ಕೂಲು ಬದಲಾಯಿಸಿದ್ದಳು. ಹಳೇ ಸ್ಕೂಲಿನಲ್ಲಿ ಆ ಪಾಠ ಶುರುವಾಗಿರಲಿಲ್ಲ. ಇಲ್ಲಿನ ಸರ್ಕಾರಿ ಶಾಲೆಗೆ ಸೇರುವಷ್ಟರಲ್ಲಿ ಮುಗಿದಿತ್ತು. ನಡುವೆ ಟಿಸಿ ಬರಲಿ ಅಂತ ಎರಡು ತಿಂಗಳು ಸುಮ್ನೆ ಮನೆಯಲ್ಲಿ ಕೂತಿದ್ದಳು. ಟಿಸಿ ತಡವಾಯಿತು ಅಂತ ಶಾಲೆಗೆ ಸೇರಿಸುವುದನ್ನು ತಡ ಮಾಡುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದೆ. ಅದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗುವ ಬುದ್ಧಿ ಆಗ ನನಗಿರಲಿಲ್ಲ. ಆ ಎರಡು ತಿಂಗಳು ನನ್ನ ತಪ್ಪೂ ಹೌದು.

ಈಗ ಅರ್ಧಕ್ಕೆ ಅರ್ಧ ಕೂಡಿಸುತ್ತಾಳೆ. ಛೇದ ಬೇರೆ ಬೇರೆ ಇದ್ದರೆ ನನ್ನ ಮುಖ ನೋಡುತ್ತಾಳೆ. ನಾನು ಗಂಡನ ಮುಖ ನೋಡುತ್ತೇನೆ. ಅವರು ಪೇಪರ್ ನೋಡುತ್ತಾರೆ. ಟ್ಯೂಷನ್ ಮೇಷ್ಟ್ರು ಬೇರೆ ಈ ತಿಂಗಳು ಊರಲ್ಲಿಲ್ಲ. ಛೇದ ಒಂದೇ ಮಾಡಲು ಬೇಕಾದ ಲ.ಸಾ.ಅ. ಸರಿಯಾಗಿ ಹೇಳಿಕೊಡಲು ಬರುವವರು ಯಾರಾದರೂ ಇದ್ದರೆ ಭಾನುವಾರ ನಾಲ್ಕರ ಮೇಲೆ ಮನೆಗೆ ಬನ್ನಿ. ಕಾಫಿ ಕೊಡುತ್ತೇನೆ.